ಹೊಣಕೆರೆಗೆ ಹೋಗದ ಮರಿ

ಕಿಕ್ಕೇರಿಯಲ್ಲಿ ನಮ್ಮ ಹಿತ್ತಿಲಿನಾಚೆ ಹಂದಿ ಸಾಕುತ್ತಿದ್ದವರೊಬ್ಬರಿದ್ದರು. ಮಾತಾಡುವಾಗ ಅವರ ಕೈ ಯಾವುದಾದರೊಂದು ಹಂದಿಯ ಕಿವಿಯ ಹಿಂದೆ ಕೆರೆಯುತ್ತಲೇ ಇರುತ್ತಿತ್ತು. ಯಾರು ಏನು ಕೇಳಿದರೂ ಮೊದಲು "ನೋಡಾನ ತಡೀರಿ" ಅನ್ನುವರು.

ಅರವತ್ತರ ದಶಕದ ಒಂದು ಬೇಸಗೆಯಲ್ಲಿ ಹಂದಿಜ್ವರ ಬಂತು. ಶ್ರೀರಂಗಪಟ್ಟಣದ ಕಡೆ ಶುರುವಾಗಿ, ಪಾಂಡವಪುರ ದಾಟಿ, ಸಂತೆಯಿಂದ ಸಂತೆಗೆ ಹಬ್ಬಿ ನಮ್ಮ ಪಕ್ಕದೂರನ್ನು ಮುಟ್ಟಿತು. ಅದೊಂದು ವೈರಸ್ಸು ಅಂತ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ವಾರವೇ ಹೊಣಕೆರೆಗೆ ಕೊಟ್ಟಿದ್ದ ಅವರ ಮಗಳು ಬಂದಳು. ಮೊದಲ ಸೂಲಿನ ಹೆಣ್ಣುಮರಿಯನ್ನು ಮಗಳ ಮನೆಗೆ ಕಳಿಸುವುದು ಅವರ ಮನೆಯ ರೂಢಿ. ಮರಿಯೂ ಗುಂಡಗೆ, ಚುರುಕಾಗಿಯೇ ಇತ್ತು.

"ಈಗ ಬ್ಯಾಡ ಕಣವ್ವ. ಮರಿ ಜೊತೆ ಜ್ವರಾನೂ ಬಸ್ಸತ್ತುತ್ತೆ," ಅಂದರು.

"ಮನೇಲಿರೋ ಸೊಸೆಗೆ ಮಡಿಕ್ಕಂಡಿದ್ದೀನಿ ಅಂತ ಹೇಳಪ್ಪ," ಅಂದವಳು ನೀರೂ ಕುಡಿಯದೆ ಹೊರಟುಬಿಟ್ಟಳು. ಅವರು ಬಸ್ಸಿನವರೆಗೂ ಹಿಂದೆ ಹಿಂದೆ ಹೋದರು. ಅವಳು ತಿರುಗಿ ನೋಡಲಿಲ್ಲ.

ಆಮೇಲೆ ಅವರ ಮರಿಗಳೆಲ್ಲ ಸತ್ತವು, ತಾಯಿಹಂದಿಯೂ ಸತ್ತಿತು. ಮಳೆಗಾಲ ಕಳೆದು ಮಗಳು ಮತ್ತೆ ಬಂದಾಗ ಗೂಡು ಖಾಲಿ.

"ಅವತ್ತೇ ಕೊಟ್ಟಿದ್ರೆ ಅದೊಂದಾರೂ ಉಳೀತಿತ್ತು. ನಮ್ಮೂರಲ್ಲಿ ಒಂದು ಹಂದಿಗೂ ಏನೂ ಆಗ್ನಿಲ್ಲ," ಅಂದಳು.

"ಒಂದಕ್ಕೂ ಆಗ್ನಿಲ್ವಾ?"

"ಇಲ್ಲ ಅಂದ್ನಲ್ಲ!"

ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಮುಖವೆಲ್ಲ ಅರಳಿತ್ತು.

"ನಿಮ್ಮತ್ತೆ ಮನೇವೂ ಚೆನ್ನಾಗವಾ?" ಅಂತ ಕೇಳಿದರು.