ಒಂದು ಶನಿವಾರದ ಚಪ್ಪಾಳೆ

ಕಳೆದ ಶನಿವಾರ ಸಂಜೆ, ಇನ್ನೂ ಬೆಳಕಿರುವಾಗ, ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಕುಡಿಯುವ ನೀರಿನ ನಲ್ಲಿಯ ಪಕ್ಕ, ಕಂಬಕ್ಕೆ ಬೆನ್ನು ಕೊಟ್ಟು. ಊಟಿ ಕಡೆಯಿಂದ ಬಂದ ಬಸ್ಸೊಂದು ಎದುರಿಗೇ ನಿಂತಿತು. ಬ್ರೇಕು ಹಿಡಿದುಕೊಂಡೇ ಓಡಿತ್ತೋ ಏನೋ, ಹಿಂದಿನ ಚಕ್ರದಿಂದ ಸುಟ್ಟ ವಾಸನೆ ಎದ್ದಿತು. ಚಾಮರಾಜನಗರದ ಒಂದು ಪುಟ್ಟ ನಡುಮನೆ ನೆನಪಾಯಿತು. ಅಲ್ಲಿ ಗೂಟಕ್ಕೆ ತೂಗುಹಾಕಿದ್ದ ಖಾಕಿ ಅಂಗಿಯಲ್ಲಿ, ಎಷ್ಟು ಒಗೆದರೂ ಹೋಗದ ಇದೇ ವಾಸನೆಯಿತ್ತು...

ಆ ಅಂಗಿಯವರು ನಮ್ಮ ಪಕ್ಕದ ಮನೆಯವರು. ಬಸ್ ಡ್ರೈವರಾಗಿದ್ದು ನಿವೃತ್ತರಾಗಿದ್ದರು. ನಾನು ಮಾವ ಎಂದು ಕರೆಯುತ್ತಿದ್ದೆ. ಸರ್ವೀಸಿನಲ್ಲಿ ಒಂದು ಕೋಳಿಗೂ ಚಕ್ರ ತಾಗಿಸಲಿಲ್ಲ ಎಂದು ಅವರ ಜೊತೆಯವರು ಹೇಳುತ್ತಿದ್ದರು. ಅದರಲ್ಲಿ ಉತ್ಪ್ರೇಕ್ಷೆ ಇರಬಹುದು. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಒಮ್ಮೆ ನಾನು ಅವರ ಬಸ್ಸಿನಲ್ಲಿದ್ದಾಗ, ತೆರಕಣಾಂಬಿ ದಾಟಿದ ಮೇಲೆ ಗೂಡ್ಸ್ ಆಟೋ ಒಂದು ಮಗುಚಿ ಬಿದ್ದಿತ್ತು. ಮಾವ ಬಸ್ಸು ನಿಲ್ಲಿಸಿ, ಕಿಟಕಿಯಿಂದ ಇಣುಕುತ್ತಿದ್ದ ನಮ್ಮ ಕಡೆ ತಿರುಗಿ, “ನೋಡಕ್ಕೆ ಇದೇನ್ ನಾಟ್ಕವಾ? ಇಳ್ದು ಕೈ ಆಕ್ರಲಾ!” ಎಂದು ಗದರಿದ್ದರು. ಎಲ್ಲರೂ ತಲೆ ತಗ್ಗಿಸಿ ಇಳಿದಿದ್ದೆವು.

ಅಂಥವರಿಗೆ ಕಾರ್ ರೇಸಿನ ಹುಚ್ಚು ಹೇಗೆ ಹಿಡಿಯಿತೋ ನಾನು ಕೇಳಲಿಲ್ಲ. ಚಕ್ರಗಳು ಹೊರಗೇ ಕಾಣುವ, ಒಬ್ಬನೇ ಕೂರುವ, ನೆಲಕ್ಕೆ ಅಂಟಿದಂತೆ ಓಡುವ ಕಾರುಗಳು. ರೇಸು ಇರುವುದು ಭಾನುವಾರ. ಮಾವನಿಗೆ ಬೇಕಾಗಿದ್ದದ್ದು ಶನಿವಾರದ ಕ್ವಾಲಿಫೈಯಿಂಗ್. ಅಂದು ಒಂದು ಸುತ್ತನ್ನು ಎಲ್ಲರಿಗಿಂತ ಬೇಗ ಮುಗಿಸಿದವನ ಕಾರು ಮರುದಿನ ಎಲ್ಲರಿಗಿಂತ ಮುಂದೆ ನಿಲ್ಲುತ್ತದೆ. “ಭಾನ್ವಾರ ಎಲ್ಲಾ ತಂತ್ರ ಕಣ್ಲಾ. ಶನಿವಾರ ಒಬ್ನೇ ಮನ್ಸ, ಒಂದೇ ರೌಂಡು,” ಅನ್ನುತ್ತಿದ್ದರು.

ಅವರು ಮೆಚ್ಚಿದ್ದ ಹುಡುಗ, ನಮ್ಮ ಕಡೆಯ ಮಾತಿನಲ್ಲಿ ‘ಐದ’, ಒಂದು ಬಡ ತಂಡದವನು. ವರ್ಷಗಟ್ಟಲೆ ಹಿಂದಿನ ಸಾಲಿನಲ್ಲೇ ನಿಂತವನು. ಮಾವನ ನಡುಮನೆಯ ಟಿವಿಯಲ್ಲಿ ನಮ್ಮ ಜೊತೆ ಕೂತು ನೋಡುತ್ತಿದ್ದ ಇನ್ನೊಬ್ಬನು ಹರವೆ ಊರಿನವನು, ಅರಿಸಿನ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಅವನದು ಸದಾ ಚಾಂಪಿಯನ್ನನ ಪಕ್ಷ.

“ಏನ್ ಮಾವ, ನಿಮ್ ಐದ ಇವತ್ತೂ ಲಾಸ್ಟ್ ಸೀಟ್ಗೇ ಟವಲ್ ಆಕವ್ನಾ?” ಎಂದು ಕೆಣಕುತ್ತಿದ್ದ.

“ಮಳೆ ಬರ್ಲಿ ತಡಿಲಾ. ರೋಡ್ ನೆಂದ್ರೆ ಎಲ್ರ ಇಂಜಿನ್ನೂ ಒಂದೇಯಾ.”

ಒಂದು ಶನಿವಾರ ಆ ಮಳೆ ಬಂದೇಬಿಟ್ಟಿತು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಟೆಂಪೋದವನು ಕುರ್ಚಿಯಲ್ಲಿ, ಮಾವ ಚಾಪೆಯ ಮೇಲೆ. ಅತ್ತೆ ಅಡುಗೆಮನೆಯ ಹೊಸಿಲ ಬಳಿ ಅವರೆಕಾಳು ಹಿದುಕುತ್ತಿದ್ದರು. ನೆನೆದ ಟ್ರ್ಯಾಕಿನಲ್ಲಿ ದೊಡ್ಡ ದೊಡ್ಡವರು ಜಾರುತ್ತಿದ್ದರೆ ಮಾವನ ಹುಡುಗನ ಹೆಸರು ಪಟ್ಟಿಯ ತುದಿಗೆ ಏರಿ ಕೂತಿತ್ತು. ಮಾವ ಚಾಪೆಯ ತುದಿಗೆ ಸರಿದು ಕೂತರು. ಕೊನೆಗೆ ಉಳಿದವನು ಚಾಂಪಿಯನ್ ಒಬ್ಬನೇ. ಅವನ ಸುತ್ತು ಮುಗಿಯುತ್ತ ಬಂದಿತ್ತು. ಹುಡುಗನಿಗಿಂತ ಬೇಗ ಬರುತ್ತಿದ್ದ. ಕಡೆಯ ತಿರುವಿನಲ್ಲಿ ಕಾರು ಜಾರಿ ಹೋಗಿ ಗೋಡೆಗೆ ಬಡಿಯಿತು.

ಕೆಂಪು ಬಾವುಟ. ಇನ್ನು ಯಾರೂ ಓಡುವಂತಿಲ್ಲ. ಮಾವನ ಹುಡುಗನೇ ಮೊದಲು.

“ಓದ! ಓದ ಕಣ್ಲಾ ನಿನ್ ಚಾಂಪಿಯನ್ನು!” ಮಾವ ಚಾಪೆಯಿಂದ ಎಗರಿ ಚಪ್ಪಾಳೆ ತಟ್ಟಿದರು. ಕುಣಿದರು. ಟೆಂಪೋದವನ ಹೆಗಲು ಹಿಡಿದು ಅಲ್ಲಾಡಿಸಿದರು. “ಈಗೇಳ್ಲಾ, ಯಾರ್ದ್ಲಾ ಲಾಸ್ಟ್ ಸೀಟು?” ನಾನೂ ನಗುತ್ತಿದ್ದೆ.

ಟೆಂಪೋದವನು ಟಿವಿಯನ್ನೇ ನೋಡುತ್ತಿದ್ದ. ಕಾರಿನ ಒಂದು ಚಕ್ರ ಕಿತ್ತುಹೋಗಿತ್ತು. ಒಳಗಿದ್ದವನ ಹೆಲ್ಮೆಟ್ಟು ಒಂದು ಪಕ್ಕಕ್ಕೆ ವಾಲಿತ್ತು.

“ಅದ್ಯಾರ್ ಮಗನೋ... ಅಲ್ಲಾಡ್ತಾನೇ ಇಲ್ವಲ್ಲ,” ಎಂದರು ಅತ್ತೆ.

ಮಾವನ ಕೈ ಟೆಂಪೋದವನ ಹೆಗಲ ಮೇಲೆ ಹಾಗೇ ನಿಂತಿತು. ಎಷ್ಟು ಹೊತ್ತು ಅಂತ ನಾನು ಹೇಳಲಾರೆ, ಗಡಿಯಾರ ನೋಡಲಿಲ್ಲ. ಆಮೇಲೆ ಹೆಲ್ಮೆಟ್ಟು ಅಲುಗಿತು. ಜನ ಅವನನ್ನು ಎಬ್ಬಿಸಿದರು. ಇಬ್ಬರ ಹೆಗಲು ಹಿಡಿದು ಅವನು ನಡೆದುಹೋದ. ಟೆಂಪೋದವನು ಮುಖ ಒರೆಸಿಕೊಂಡ. ಅಷ್ಟರಲ್ಲಿ ಟಿವಿಯಲ್ಲಿ ಮಾವನ ಹುಡುಗನನ್ನು ತೋರಿಸುತ್ತಿದ್ದರು. ಅವನು ಸಂತೋಷಪಡಲೋ ಬೇಡವೋ ಎನ್ನುವಂತೆ ನಿಂತಿದ್ದ. ಅದನ್ನು ನೋಡಲು ಮಾವ ಇರಲಿಲ್ಲ. ಹಿತ್ತಲಲ್ಲಿ, ಸಾವಿನ ಮನೆಯಿಂದ ಬಂದವರಂತೆ, ತಲೆಗೆ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು.

ಮರುದಿನ ರೇಸಿನ ಹೊತ್ತಿಗೆ ಟೆಂಪೋದವನೇ ಬೋಂಡಾ ಕಟ್ಟಿಸಿಕೊಂಡು ಬಂದ. ಮಾವ ಜಗಲಿಯ ಮೇಲೆ ಕೂತಿದ್ದರು. ಒಳಗೆ ಟಿವಿ ಹಾಕಿರಲಿಲ್ಲ.

“ಏಳಿ ಮಾವ. ನಿಮ್ ಐದ ಮುಂದ್ಗಡೆ ನಿಂತವ್ನೆ. ಇನ್ಯಾವತ್ತು ನಿಂತಾನೋ!”

“ನೀವ್ ನೋಡ್ಕಳಿ ಓಗಿ.”

ನಾನು ಸಮಾಧಾನಕ್ಕೆಂದು, “ಅವನಿಗೆ ಏನೂ ಆಗಿಲ್ಲ ಮಾವ, ನಡ್ಕೊಂಡೇ ಹೋದ್ನಲ್ಲ,” ಅಂದೆ.

ಅವರು ನನ್ನ ಮುಖ ನೋಡಲಿಲ್ಲ. “ಅದು ಆಮೇಲ್ ಗೊತ್ತಾಗಿದ್ದು ಕಣಪ್ಪ. ನಾ ಕುಣ್ದಾಗ ಗೊತ್ತಿತ್ತಾ?”

ಬೋಂಡಾ ಆರಿಹೋಯಿತು. ಆ ದಿನ ಟಿವಿ ಹಾಕಲೇ ಇಲ್ಲ. ಹುಡುಗ ರೇಸಿನಲ್ಲಿ ಏನಾದ ಎಂದು ಮಾವ ಕೇಳಲಿಲ್ಲ. ಮುಂದೆ ಎಂದೂ ರೇಸಿನ ಮಾತು ಎತ್ತಲಿಲ್ಲ. ಟೆಂಪೋದವನು ರೇಸು ನೋಡಲು ಬಂದರೆ ಅವನಿಗೆ ಕುರ್ಚಿ ಕೊಟ್ಟು, ತಾವು ಎದ್ದು ಹೊರಗೆ ಹೋಗುತ್ತಿದ್ದರು...

ಮಾವ ಹೋಗಿ ಕೆಲವು ವರ್ಷಗಳಾದವು. ಯಾರಿಗೂ ಗಾಯ ಮಾಡದ ಡ್ರೈವರ್ ಎಂದು ಮಣ್ಣಿಗೆ ಬಂದವರೆಲ್ಲ ಹೊಗಳಿದರು. ಅದು ನಿಜ. ಆ ಶನಿವಾರ ಅಲ್ಲಿದ್ದವರಲ್ಲಿ ಅತ್ತೆ ಈಗ ಉಮ್ಮತ್ತೂರಿನಲ್ಲಿ ಮಗಳ ಜೊತೆಗಿದ್ದಾರೆ. ಟೆಂಪೋದವನು ಹರವೆಯಲ್ಲೇ ಇದ್ದಾನೆ. ಇನ್ನೊಬ್ಬ ನಾನು. ನಾನು ರೇಸು ನೋಡುವುದನ್ನು ಬಿಟ್ಟಿಲ್ಲ. ನಾನು ಮೆಚ್ಚಿದವನಿಗಿಂತ ಮುಂದಿದ್ದ ಕಾರು ಜಾರಿದರೆ ಈಗಲೂ ಮೊದಲು ಒಳಗೇನೋ ಹಿಗ್ಗುತ್ತದೆ. ಒಳಗಿರುವವನ ಯೋಚನೆ ಬರುವುದು ಆಮೇಲೆ. ಆಗ ತಿರುಗಿ ಗದರಲು ಮಾವ ಇಲ್ಲ.