ಖಾಲಿ ಕೈಯ ದೇವಕಿ

ಇವತ್ತು ಬೆಳಿಗ್ಗೆ ದೋಸೆ ಹಿಟ್ಟಿನ ಮುಚ್ಚಳ ತೆಗೆದೆ. ಹುಳಿ ಮೀರಿ ನಾತ ಹೊಡೆಯುತ್ತಿತ್ತು. ಹಿಟ್ಟನ್ನೇನೋ ಚೆಲ್ಲಬಹುದು; ಆ ನಾತ ಎಬ್ಬಿಸಿದ್ದನ್ನು ಎಲ್ಲಿ ಚೆಲ್ಲಲಿ, ನೀವೇ ಹೇಳಿ.

ಕೊಡಗು ಮೈಸೂರಿಗೆ ಸೇರಿದ ಹೊಸತು. ವಿರಾಜಪೇಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಹೆಣ್ಣಾಳುಗಳ ಮೇಸ್ತ್ರಿ. ಮೂರನೇ ಕ್ಲಾಸು ದಾಟದವಳಿಗೆ ಅದೇ ದೊಡ್ಡ ದರ್ಬಾರು. ಹಣ್ಣಿನ ಸಿಪ್ಪೆ ಬಿಡಿಸಿದ ಕಾಫಿ ಬೀಜವನ್ನು ತೊಟ್ಟಿಗೆ ಹಾಕಿ, ಮೇಲಿನ ಲೋಳೆ ಬಿಡಲು ಇಡುತ್ತಿದ್ದೆವು. ಬಿಟ್ಟ ಕೂಡಲೇ ತೊಳೆಯಬೇಕು; ತಡವಾದರೆ ತೊಟ್ಟಿಯಷ್ಟೂ ಹಾಳು. ಅಂಗಳದಲ್ಲಿ ಒಣಗುವ ಕಾಫಿ ಕೆದಕುವುದು, ಕಸ ಆರಿಸುವುದು ಎಲ್ಲ ನಾಳೆಗೂ ಆಗುವ ಕೆಲಸ. ಅದಕ್ಕೇ ನನ್ನ ಕೈಕೆಳಗಿನ ನಾಲ್ವರಲ್ಲಿ ಒಬ್ಬಳು ತೊಟ್ಟಿಯ ಪಕ್ಕ ಸುಮ್ಮನೆ ಕೂರುವುದು ಅಲ್ಲಿನ ಪದ್ಧತಿ. ಆಗಾಗ ಹಿಡಿ ಬೀಜ ತಿಕ್ಕಿ ನೋಡಬೇಕು, ಉಸುಕಿನಂತೆ ಗರಗರ ಅಂದರೆ ಎಲ್ಲರನ್ನೂ ಕೂಗಬೇಕು. ಹಾಗೆ ಕೂರುತ್ತಿದ್ದವಳು ದೇವಕಿ. ಅವಳ ಗಂಡ ಮರದಿಂದ ಬಿದ್ದು, ಎಸ್ಟೇಟು ಕೊಟ್ಟ ಲೈನ್ ಮನೆಯಲ್ಲಿ ಮಲಗಿಬಿಟ್ಟಿದ್ದ. ಅವಳ ಕೆಲಸ ಇರುವಷ್ಟು ದಿನ ಆ ಮನೆ.

ಉಳಿದ ಮೂವರು ಗೊಣಗಿದರು. “ನಮ್ಮ ಸೊಂಟ ಬಿದ್ದೋಯ್ತು. ಅವಳೆಂತ, ಮದುಮಗಳಾ?”

ನನಗೂ ಖಾಲಿ ಕೈ ಕಂಡರೆ ಆಗದು. ಅಂಗಳದ ಕೆಲಸ ನಾಲ್ವರಿಗೂ ಸಮಪಾಲು ಅಂದೆ. ನ್ಯಾಯ ಮಾಡಿದೆನೆಂದು ಬೀಗಿದೆ ಕೂಡ.

“ಅಕ್ಕಾ, ಅಂಗಳದ್ದು ಕಾಯ್ತದೆ. ತೊಟ್ಟಿ ಕಾಯೋದಿಲ್ಲ,” ಅಂದಳು ದೇವಕಿ.

“ಕೂತು ಕೂತು ಅಭ್ಯಾಸ ಆಗಿದೆ ನಿಂಗೆ. ಏಳು ಮಾರಾಯ್ತಿ.”

ಅಂಗಳ ಕೆದಕುತ್ತಲೇ ಅವಳು ಎರಡು ಸಲ ತೊಟ್ಟಿಯ ಕಡೆ ಹೊರಟಳು. ಎರಡು ಸಲವೂ ಗದರಿದೆ. ಸಂಜೆಯ ಹೊತ್ತಿಗೆ ಅಂಗಳ ಕನ್ನಡಿಯಂತಿತ್ತು. ತೊಟ್ಟಿ ನಾರುತ್ತಿತ್ತು.

ಎಸ್ಟೇಟಿನ ಲೆಕ್ಕ, ಹಾಜರಿ ನೋಡುವ ರೈಟರ್ ಮೂಗು ಮುಚ್ಚಿಕೊಂಡು ಬಂದರು. “ತೊಟ್ಟಿ ನೋಡೋದು ಯಾರು?”

ನಾನು ಗದ್ದ ಎತ್ತಿ ದೇವಕಿಯ ಕಡೆ ತೋರಿಸಿದೆ, ಅಷ್ಟೆ. ಅವಳು ನನ್ನನ್ನೇ ನೋಡಿದಳು. ನಾನು ನಿಜ ಹೇಳುತ್ತೇನೆಂದು ಕಾದಳು.

ಅವತ್ತೇ ಅವಳ ಕೆಲಸ ಹೋಯಿತು. ಮೂರನೇ ದಿನ ಮನೆ ಬಿಟ್ಟು, ಗಂಡನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೋದಳು. ಎಲ್ಲಿಗೆಂದು ನಾನು ಕೇಳಲಿಲ್ಲ. ಆಮೇಲೆ ವರ್ಷಗಟ್ಟಲೆ, ವಿರಾಜಪೇಟೆ ಸಂತೆಯಲ್ಲಿ ಅಂಥದೇ ನಡಿಗೆ ಕಂಡರೆ ಹಿಂದೆ ಓಡುತ್ತಿದ್ದೆ. ಪ್ರತಿ ಸಲವೂ ಬೇರೆ ಯಾರೋ.

ಇವತ್ತು ಹಿಟ್ಟು ಚೆಲ್ಲಿ ಒಳಗೆ ಬಂದೆ. ಮೊಮ್ಮಗಳು ಹಾಲು ಒಲೆಗಿಟ್ಟು ಕೈಕಟ್ಟಿ ನಿಂತಿದ್ದಳು. ನನ್ನ ಕೈ ತಾನಾಗಿ ಬೆಳ್ಳುಳ್ಳಿ ಬುಟ್ಟಿಗೆ ಹೋಯಿತು.

“ಎಂತಜ್ಜಿ, ಸುಲೀಬೇಕಾ?”

“ಬೇಡ. ನೀನು ಹಾಲು ನೋಡು.”

ನಾನೇ ಸುಲಿಯಲು ಕೂತೆ. ಹಾಲು ಉಕ್ಕಲಿಲ್ಲ. ನಾನು ಇಷ್ಟು ಕಲಿಯುವುದಕ್ಕೆ ಒಬ್ಬಳು ಮನೆ ಕಳೆದುಕೊಳ್ಳಬೇಕಾಯಿತು.