ಎಡಗಡೆಯ ಮುಂದಿನ ಸೀಟು

ಸೋಮವಾರದ ಪೂಜೆಗೆಂದು ಹಿತ್ತಲ ಕಲ್ಲಿನ ಮೇಲೆ ಕೂತು ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಎರಡು ದಿನದಿಂದ ಗ್ಯಾರೇಜಿನಲ್ಲಿದ್ದ ನಮ್ಮ ಕಾರನ್ನು ಮೆಕ್ಯಾನಿಕ್ ತಾವೇ ಓಡಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದರು. ಯಜಮಾನರು ತೋಟದಲ್ಲಿದ್ದರು. ಹುಣಸೆಯ ಕೈಯಲ್ಲೇ ಎದ್ದು ಹೋದೆ.

“ಅಕ್ಕ, ಕೆಂಪು ಲೈಟ್ ಹೋಯ್ತು,” ಅಂದರು.

ಆ ಲೈಟು ಎರಡು ತಿಂಗಳಿಂದ ಸ್ಟೇರಿಂಗಿನ ಹಿಂದೆ ಉರಿಯುತ್ತಿತ್ತು. ಯಾರೋ ಕೂತಿರುವ ಚಿತ್ರ, ಎದುರಿಗೊಂದು ಉಂಡೆ. ನನ್ನ ಕಣ್ಣಿಗೆ ಅದು ಮಡಿಲಿಗೆ ತೆಂಗಿನಕಾಯಿ ಹಾಕಿಸಿಕೊಂಡು ತವರಿಂದ ಹೊರಟ ಹೆಂಗಸಿನ ಹಾಗೆ ಕಾಣುತ್ತಿತ್ತು. ಅದೇನೆಂದು ಯಜಮಾನರನ್ನು ಕೇಳಿದ್ದೆ. “ಸರ್ವೀಸಿಗೆ ಬುಡು ಅಂತ ಕಣೇ, ಸುಮ್ನಿರು,” ಅಂದಿದ್ದರು. ಒಳ್ಳೆಯ ಶಕುನವೆಂದುಕೊಂಡು ಸುಮ್ಮನಾದೆ. ಹಾಗೆ ಅಂದುಕೊಳ್ಳಲು ಕಾರಣವಿತ್ತು. ಆ ಲೈಟು ಹತ್ತಿದ ವಾರವೇ ನನಗೆ ಮುಂದಿನ ಸೀಟು ಸಿಕ್ಕಿತ್ತು.

ಕಾರು ತಂದು ನಾಲ್ಕು ವರ್ಷ. ಅಷ್ಟೂ ದಿನ ಆ ಸೀಟು ನಮ್ಮತ್ತೆಯದು. ನಾನು ಹಿಂದೆ, ಕಾಯಿ ಮೂಟೆಯ ಪಕ್ಕ. ನನ್ನ ತವರು ಹಂದನಕೆರೆಗೆ ಹೋದರೂ ಅತ್ತೆ ಮುಂದಿನ ಬಾಗಿಲಿಂದ ಇಳಿಯುವರು, ನಾನು ಮೂಟೆ ದಾಟಿಕೊಂಡು ಇಳಿಯಬೇಕು. ಹೀಗಿರುವಾಗ ಒಂದು ಬೆಳಿಗ್ಗೆ ಯಜಮಾನರು, “ಅವ್ವಾ, ನೀನು ಹಿಂದೆ ಆರಾಮಾಗಿ ಕೂತ್ಕೊ. ಇವ್ಳು ಮುಂದೆ ಬರ್ಲಿ,” ಅಂದುಬಿಟ್ಟರು.

“ಹೆಂಡ್ತಿ ಮುಂದಾದ್ಲು, ಹೆತ್ತೋಳು ಹಿಂದಾದ್ಲು,” ಎಂದು ಅತ್ತೆ ಹಾಲ್ಕುರಿಕೆ ಊರು ಮುಟ್ಟುವವರೆಗೂ ದಾರಿಯುದ್ದಕ್ಕೂ ಗೊಣಗಿದರು.

ಆ ಸಂಜೆ ಶಿವನ ಮುಂದೆ ಎರಡು ದೀಪ ಹೆಚ್ಚಿಗೆ ಹಚ್ಚಿದೆ. ಮದುವೆಯಾಗಿ ಹದಿನೆಂಟು ವರ್ಷಕ್ಕಾದರೂ ಇವರ ಕಣ್ಣಿಗೆ ಬಿದ್ದೆನಲ್ಲ, ಅಷ್ಟು ಸಾಕು ತಂದೆ, ಅಂದೆ. ಸುಳ್ಳೇಕೆ ಹೇಳಲಿ, ಅತ್ತೆಯ ಮುನಿಸೂ ನನಗೆ ರುಚಿಸಿತ್ತು. ಬಿಸಿಲಿಗೆ ಅಡ್ಡ ಇಳಿಸುವ ಪಟ್ಟಿಯಲ್ಲೊಂದು ಕನ್ನಡಿ ಇದೆ. ವಿಭೂತಿ ಸರಿಮಾಡಿಕೊಳ್ಳುವ ನೆಪದಲ್ಲಿ ಅದನ್ನಿಳಿಸಿ ಹಿಂದೆ ಕೂತ ಮುಖ ನೋಡುತ್ತಿದ್ದೆ. ಹೊರಟಾಗಲೆಲ್ಲ ಎರಡು ಸಲವಾದರೂ ನೋಡುತ್ತಿದ್ದೆ.

“ಏನಾಗಿತ್ತಣ್ಣ?” ಎಂದು ಮೆಕ್ಯಾನಿಕ್ಕನ್ನು ಕೇಳಿದೆ.

ಅವರು ಎಡಗಡೆಯ ಬಾಗಿಲು ತೆಗೆದು ಸೀಟಿನ ಕೆಳಗೆ ಟಾರ್ಚ್ ಬಿಟ್ಟರು. ಹಳದಿ ಬಣ್ಣದ ಪ್ಲಗ್ ಕಂಡಿತು. “ಈ ಸೀಮೆ ಕಾರಿಗೆಲ್ಲ ಇದೇ ಕಾಯಿಲೆ ಕಣಕ್ಕ. ಡಿಕ್ಕಿ ತುಂಬಿದ್ಮೇಲೆ ಸೀಟಿನ ಕೆಳಕ್ಕೂ ಕಾಯಿ ತುರುಕ್ತೀರ. ಒಂದು ಕಾಯಿ ಉರುಳಿ ಇದನ್ನ ಒದ್ದದೆ, ಪ್ಲಗ್ ಸಡ್ಲ ಆಗದೆ. ಸೀಟಲ್ಲಿ ಆಳು ಕೂತವ್ರೆ ಅಂತ ಗಾಡಿಗೆ ಹೇಳೋ ವೈರಿದು. ಬ್ಯಾಟರಿ ಬಿಚ್ಚಿ, ಸೀಟು ಎತ್ತಿ, ಕ್ಲೀನ್ ಮಾಡಿ, ಲಾಕ್ ಕೂರ್ಸಿವ್ನಿ. ಸ್ಕ್ಯಾನರ್ ಹಾಕಿ ಹಳೇ ತಪ್ಪು ಅಳಿಸಿವ್ನಿ.” ಕೀ ತಿರುಗಿಸಿದರು. ಮಡಿಲಲ್ಲಿ ಕಾಯಿ ಇಟ್ಟುಕೊಂಡವಳು ಒಂದು ಗಳಿಗೆ ಹತ್ತಿ ಮಾಯವಾದಳು. “ಹಿಂಗೆ ಹತ್ತಿ ಹೋಗ್ಬೇಕು. ಹೋಗ್ದೆ ನಿಂತ್ರೆ ತಂದು ತೋರ್ಸಿ.”

“ಇಷ್ಟಕ್ಕೆ ಎರಡು ತಿಂಗ್ಳು ಬೇಕಿತ್ತಾ?”

“ಅಣ್ಣಂಗೆ ಆವತ್ತೇ ಹೇಳ್ದೆ. ಎರಡು ದಿನ ಗಾಡಿ ಬಿಡಿ, ಹುಡುಕ್ತೀನಿ ಅಂದೆ. ಕೊಬ್ರಿ ಮಾರ್ಕೆಟ್ ಓಡಾಟ ಅದೆ, ಆಗಲ್ಲ ಅಂದ್ರು. ಹಂಗಾರೆ ಎಡಗಡೆ ಮುಂದೆ ಯಾರ್ನೂ ಕೂರುಸ್ಬೇಡಿ, ಗುದ್ದಿದ್ರೆ ಆ ಕಡೆ ಏರ್‌ಬ್ಯಾಗ್ ಬಿಚ್ಚಲ್ಲ ಅಂದೆ. ‘ಅಯ್ಯೋ, ಅಲ್ಲಿ ನಮ್ಮವ್ವ ಕೂರ್ತಾಳೆ ಕಣಪ್ಪ, ಇವತ್ತೇ ಎಬ್ಬಿಸ್ತೀನಿ’ ಅಂದ್ರು.” ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. “ಯಾಕಕ್ಕ? ಯಾರೂ ಕೂತಿರ್ಲಿಲ್ಲ ತಾನೇ?”

“ಇಲ್ಲ ಕಣಣ್ಣ. ಯಾರೂ ಕೂತಿರ್ಲಿಲ್ಲ,” ಅಂದೆ.

ಹೊರಡುವಾಗ ಎರಡು ಮಾತು ಹೇಳಿದರು. ಏರ್‌ಬ್ಯಾಗ್ ಪಟಾಕಿ ಸಿಡಿದ ಹಾಗೆ ಬರುತ್ತದಂತೆ. ಮುಂದೆ ಕೂರುವವರು ಸೀಟು ಹಿಂದಕ್ಕೆ ತಳ್ಳಿ, ಬೆನ್ನು ಒರಗಿಸಿ, ಬೆಲ್ಟು ಹಾಕಿಕೊಂಡರೆ ಏನೂ ಭಯವಿಲ್ಲವಂತೆ. ಇನ್ನೊಂದು, ಆ ಲೈಟು ಉರಿಯುವಾಗ ಯಜಮಾನರು ಕೂರುವ ಕಡೆಯ ಏರ್‌ಬ್ಯಾಗನ್ನೂ ನಂಬುವ ಹಾಗಿರಲಿಲ್ಲವಂತೆ. ಇದನ್ನು ಕೇಳಿ ಹೊಟ್ಟೆ ತಣ್ಣಗಾಯಿತು. ಶಿವ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡಿರಲಿಲ್ಲ.

ಯಜಮಾನರು ತೋಟದಿಂದ ಬಂದವರೇ ಒಂದು ಕಾಯಿ ಮೂಟೆಯನ್ನು ಹಿಂದಿನ ಸೀಟಿಗೆ ಹಾಕಿ, ಕೀ ತಿರುಗಿಸಿ ನೋಡಿದರು. “ಅವ್ವಾ, ಮಠಕ್ಕೆ ಹೋಗ್ಬರಣ ಬಾ. ಇನ್ಮೇಲೆ ನೀನು ಮುಂದೇನೇ,” ಎಂದು ಕೂಗಿದರು.

ನಾನು ಕಾರಿನ ಬಾಗಿಲು ಹಿಡಿದು ನಿಂತೆ. “ಗೊತ್ತಿದ್ದೂ ನನ್ನ ಇಲ್ಲಿ ಕೂರ್ಸಿದ್ರಾ?”

“ಆ ಮಾರಾಯ ಹೇಳ್ಬುಟ್ನಾ? ಅವ್ವಂಗೆ ವಯಸ್ಸಾಗದೆ, ಮೂಳೆ ಮುರಿದ್ರೆ ಕೂಡಲ್ಲ. ನೀನು ಗಟ್ಟಿಮುಟ್ಟಾಗಿದೀಯ. ಈಗೇನು, ಏನಾದ್ರೂ ಆಯ್ತಾ?”

“ಸೀಟು ಖಾಲಿ ಬುಡ್ಬೋದಿತ್ತಲ್ಲ?”

“ಹಿಂದೆ ಅವ್ವ, ನೀನು, ಮೇಲೆ ಕಾಯಿ ಮೂಟೆ. ಎಲ್ಲಿ ಹಿಡಿಸ್ತಿತ್ತು ಕಣೇ?”

ಕೋಪವಿಲ್ಲದೆ, ಲೆಕ್ಕ ಗೊತ್ತಿಲ್ಲದವಳಿಗೆ ತಿಳಿಸಿ ಹೇಳುವಂತೆ ಹೇಳಿದರು. ಅತ್ತೆ ಕೈಚೀಲ ಹಿಡಿದು ಬರುತ್ತಿದ್ದವರು ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಅಯ್ಯೋ ಶಿವನೇ, ಅದಕ್ಕಾ! ಇವ್ಳ ಮೇಲೆ ನಿಂಗೆ ಅಕ್ಕರೆ ಬಂತೇನೋ ಅಂತ ಎರಡು ತಿಂಗ್ಳು ಹೊಟ್ಟೆ ಉರ್ಕೊಂಡ್ನಲ್ಲೋ!”

ಯಜಮಾನರೂ ನಕ್ಕರು.

ಅತ್ತೆ ಮುಂದಿನ ಸೀಟಿಗೆ ಕಾಲಿಡುವಾಗ ನಾನು ಮೆಲ್ಲಗೆ ಹೇಳಿದೆ. “ಜೋಪಾನ ಅತ್ತೆ. ಇವತ್ತಿಂದ ಅದು ಕೆಲಸ ಮಾಡ್ತದೆ. ಪಟಾಕಿ ಸಿಡಿದಂಗೆ ಬರ್ತದಂತೆ. ನೀವು ಮುಂದಕ್ಕೆ ಬಾಗಿ ಕೂರ್ತೀರಲ್ಲ, ನೆಟ್ಟಗೆ ಎದೆ ಮೇಲಿನ ಕರಡಿಗೆಗೇ ಬಡೀತದೆ.”

ಅತ್ತೆಯ ಕೈ ತಾನಾಗಿ ಲಿಂಗದ ಬೆಳ್ಳಿ ಕರಡಿಗೆಯ ಮೇಲೆ ಹೋಯಿತು. ನಗು ನಿಂತಿತು. ಸೀಟು ಹಿಂದಕ್ಕೆ ತಳ್ಳಿ ಒರಗಿ ಕೂತರೆ ಭಯವಿಲ್ಲ ಎಂಬ ಉಳಿದರ್ಧವನ್ನು ನಾನು ಹೇಳಲಿಲ್ಲ. ದೇವರಿಗೆ ಗೊತ್ತು, ಬೇಕೆಂದೇ ಹೇಳಲಿಲ್ಲ.

“ನಂಗೆ ಹಿಂದೇನೇ ಸರಿ ಕಣಪ್ಪ, ಕಾಲು ಚಾಚ್ಬೋದು,” ಎಂದು ಅತ್ತೆ ಹಿಂದೆ ಹತ್ತಿ ಬಾಗಿಲು ಎಳೆದುಕೊಂಡರು.

“ಹಂಗಾರೆ ನೀನೇ ಬಾ,” ಅಂದರು ಯಜಮಾನರು.

“ನಾನು ಬರಲ್ಲ. ಕೆಲಸ ಅದೆ.”

“ಅಷ್ಟಕ್ಕೆಲ್ಲ ಮುಖ ಊದುಸ್ಕೊಬೇಡ,” ಅಂದರು. ಅತ್ತೆ ಕಾಲು ಚಾಚಲೆಂದು ಮಠಕ್ಕೆ ಕೊಡಬೇಕಿದ್ದ ಕಾಯಿ ಮೂಟೆಯನ್ನು ಹಿಂದಿನಿಂದ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಕಾರು ಹೊರಟ ಕೂಡಲೆ ಟಿಂಗ್ ಟಿಂಗ್ ಎಂದು ಹೊಡೆದುಕೊಳ್ಳತೊಡಗಿತು. ನಾನು ಬೆಲ್ಟಿಲ್ಲದೆ ಕೂತು ತಿರುಗಿದ ಎರಡು ತಿಂಗಳಲ್ಲಿ ಒಂದು ಸಲವೂ ಆ ಸದ್ದು ಬಂದಿರಲಿಲ್ಲ. ಯಜಮಾನರು ಗೇಟಿನ ಹತ್ತಿರ ನಿಲ್ಲಿಸಿ, ಬಗ್ಗಿ, ಮೂಟೆಗೆ ಬೆಲ್ಟು ಹಾಕಿದರು. ಸಡಿಲವಾಯಿತೆಂದು ಇನ್ನೊಮ್ಮೆ ಎಳೆದು ನೋಡಿದರು.

ಎರಡು ತಿಂಗಳು ಎಲ್ಲೂ ಗುದ್ದಲಿಲ್ಲ, ಅದು ಶಿವನ ದಯೆ. ಅವತ್ತು ಮನೆಯಲ್ಲಿ ಯಾರೂ ಇಲ್ಲದೆ ಒಂದಿಷ್ಟು ಹೊತ್ತು ಸಿಕ್ಕಿತು, ಅದೂ ದಯೆಯೇ. ಉಳಿದ ದೀಪಗಳನ್ನೂ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿ ಒಳಗೆ ಬಂದೆ. ಬೆಳಿಗ್ಗೆಯೇ ನೆನೆಹಾಕಿದ್ದ ಅವರೆಕಾಳು ಉಬ್ಬಿತ್ತು. ಪಾತ್ರೆ ಎಳೆದುಕೊಂಡು ಹಿದುಕಲು ಕೂತೆ.